ಜೂನ್ ಒಂದರಂದು ಹುಟ್ಟಿದ ಅಪ್ಪನಿಗೆ



ಈ ಸಂಚಿಕೆಯ ಕೆಲಸ ನಡೆದಿರುವಾಗ ನಮ್ಮ ಮೇಜಿನ ಮೇಲೆ ಅಂಗೈಯಗಲದ ಒಂದು ಶುಭಾಶಯ ಪತ್ರ ಕೆಲವು ದಿನ ಇತ್ತು. ನಮ್ಮ ಘಟ್ಟದ ಕಾಲೇಜೊಂದರಲ್ಲಿ ಓದುತ್ತಿರುವ, ಬನಹಟ್ಟಿಯ ನೇಕಾರ ಮನೆತನದ ವಿದ್ಯಾರ್ಥಿಯೊಬ್ಬ ತಂದೆಯ ಹುಟ್ಟುಹಬ್ಬಕ್ಕೆಂದು ಅದನ್ನು ತಯಾರಿಸಿ, ಅಂಚೆಗೆ ಹಾಕುವ ಮೊದಲು ಒಣಗಲೆಂದು ಇಲ್ಲಿ ಇಟ್ಟಿದ್ದ. ತಂದೆಯ ಜನ್ಮದಿನ ಜೂನ್ 1. ಅದು ಹುಟ್ಟಿದ ದಿನವಲ್ಲ. ಶಾಲೆಗೆ ಸೇರಿಸುವಾಗ ಗುರುಗಳು ಬರೆದುಕೊಂಡ ದಿನ. ನಮ್ಮ ಹಳ್ಳಿಗಳ ಹಿರಿಯರಲ್ಲಿ ಎಷ್ಟೋ ಮಂದಿ ಹೀಗೆ ದಾಖಲೆಯಲ್ಲಿ ಮಾತ್ರ ಜೂನ್ ಒಂದರಂದು ಹುಟ್ಟಿದವರು. ಆ ಮನೆಯಲ್ಲಿ ಆ ದಿನವನ್ನು ಯಾರೂ ಎಂದೂ ಆಚರಿಸಿದ್ದಿಲ್ಲ.

ಆದರೆ ಗಂಡಸರ ಹುಟ್ಟುಹಬ್ಬ ನಮ್ಮ ಪೇಟೆಗಳಿಗೆ ಅಪರಿಚಿತವೇನಲ್ಲ. ಬಯಲುಸೀಮೆಯಿರಲಿ, ಘಟ್ಟವಿರಲಿ, ವೃತ್ತದಲ್ಲಿ ತಲೆಯೆತ್ತಿದರೆ ತಂಪು ಕನ್ನಡಕ ಧರಿಸಿದ ನಾಯಕರೊಬ್ಬರು ಆಳೆತ್ತರದ ಫ್ಲೆಕ್ಸಿನಿಂದ ನಮ್ಮತ್ತ ಕೈಬೀಸುತ್ತಿರುತ್ತಾರೆ. ಸುತ್ತಲೂ ಶುಭ ಕೋರುವವರ ಚಿಕ್ಕ ಚಿಕ್ಕ ಮುಖಗಳು. ಫ್ಲೆಕ್ಸ್ ಎಂದರೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಹಾಳೆ. ಅದು ಮಣ್ಣಿನಲ್ಲಿ ಕರಗದು. ಸುಟ್ಟರೆ ಡಯಾಕ್ಸಿನ್‌ನಂತಹ ವಿಷವನ್ನು ಗಾಳಿಗೆ ಬಿಡುತ್ತದೆ. ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧ ಕಾಗದದ ಮೇಲಿದೆ, ಫ್ಲೆಕ್ಸ್ ಕಂಬದ ಮೇಲಿದೆ. ಅದು ಬರುವ ಮೊದಲು ಇದೇ ಕಂಬಗಳ ನಡುವೆ ಹತ್ತಿಯ ಬಟ್ಟೆಯ ಮೇಲೆ ಕೈಯಲ್ಲಿ ಬರೆದ ಬ್ಯಾನರುಗಳಿದ್ದವು. ಅವು ಮರೆಯಾದಾಗ ಅಕ್ಷರ ಬರೆಯುವವನು ಕೆಲಸ ಕಳೆದುಕೊಂಡ. ನೇಕಾರನ ಬಟ್ಟೆಗೆ ಇದ್ದ ಒಂದು ಬೇಡಿಕೆಯೂ ಹೋಯಿತು.

ಹಾಗೆಂದು ಕಾಗದವೆಲ್ಲ ನಿರ್ದೋಷಿಯೇ? ಘಟ್ಟದವರಾದ ನಮಗೆ ಉತ್ತರ ತಿಳಿದಿದೆ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ 1.50 ರೂಪಾಯಿಯ ದರದಲ್ಲಿ ಕೊಡಲಾಯಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಬೆಲೆ ತೆರಬೇಕಾಗಿತ್ತು. ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಬಿದಿರಿನ ಅಧ್ಯಯನಕ್ಕೆ ಕಾಡು ಸುತ್ತಿದಾಗ ಕಂಡದ್ದು ಈ ಅನ್ಯಾಯದ ಫಲವನ್ನೇ. ಬೆಲೆಯಿಲ್ಲದೆ ಸಿಕ್ಕಿದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ.

ಈ ಹಿನ್ನೆಲೆಯಲ್ಲಿ ಆ ಹುಡುಗನ ಪತ್ರವನ್ನು ನೋಡಬೇಕು. ಅವನು ಹೊಸ ಕಾಗದ ಕೊಳ್ಳಲಿಲ್ಲ. ಬರೆದು ಮುಗಿದ ನೋಟುಪುಸ್ತಕದ ಹಾಳೆಗಳನ್ನು ರಾತ್ರಿಯೆಲ್ಲ ನೆನೆಸಿ, ಕುಟ್ಟಿ, ಮಗ್ಗದ ಕೆಳಗೆ ಬಿದ್ದ ಹತ್ತಿ ನೂಲಿನ ತುಣುಕುಗಳನ್ನು ಉಗುರುದ್ದಕ್ಕೆ ಕತ್ತರಿಸಿ ಬೆರೆಸಿದ. ಸೊಳ್ಳೆ ಪರದೆಯ ಬಟ್ಟೆ ಬಿಗಿದ ಚೌಕಟ್ಟಿನಲ್ಲಿ ಆ ರಾಡಿಯನ್ನು ಎತ್ತಿ, ಬಟ್ಟೆಯ ಮೇಲೆ ಮಗುಚಿ, ಕಲ್ಲು ಹೇರಿ, ನೆರಳಿನಲ್ಲಿ ಒಣಗಿಸಿದ. ಶಾಯಿ ಹರಡದಿರಲೆಂದು ತೆಳು ಗಂಜಿ ಸವರಿದ. ನೂಲಿನ ಎಳೆಗಳು ಎದ್ದು ಕಾಣುವ ಒರಟು ಹಾಳೆ ಸಿದ್ಧವಾಯಿತು. ಅದರ ಒಂದು ಅಂಚಿಗೆ ಜಕಾರ್ಡ್ ಮಗ್ಗದ ಹಳೆಯ ರಟ್ಟಿನ ಪಟ್ಟಿ. ಸೀರೆಯ ಸೆರಗಿನಲ್ಲಿ ಯಾವ ಎಳೆ ಮೇಲೇಳಬೇಕೆಂದು ಹೇಳುವ ತೂತುಗಳು ಅದರಲ್ಲಿ ಹಾಗೆಯೇ ಇವೆ. ಇನ್ನೊಂದು ಅಂಚಿಗೆ ಗೋಣಿತಾಟಿನ ತುಂಡು.

ಬಣ್ಣ ಕಪ್ಪು ಒಂದೇ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಹದಿನೈದಿಪ್ಪತ್ತು ದಿನ ಇಟ್ಟರೆ, ನೀರು ಹುಳಿತು ಕಬ್ಬಿಣ ಅದರಲ್ಲಿ ಕರಗುತ್ತದೆ. ಜಜ್ಜಿದ ಅಳಲೆಕಾಯಿಯ ಕಷಾಯವನ್ನು ಹಾಳೆಗೆ ಸವರಿ ಒಣಗಿಸಿ, ಅದರ ಮೇಲೆ ಈ ನೀರನ್ನು ಮುದ್ರೆಯಿಂದ ಒತ್ತಬೇಕು. ಅಳಲೆಯ ಒಗರು ಕಬ್ಬಿಣದೊಡನೆ ಕೂಡಿ ಕಣ್ಣೆದುರಿಗೇ ಕಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಬರುವುದೂ ಇದೇ ವಿದ್ಯೆಯಿಂದ. ಮುದ್ರೆಯಾದರೋ ಸವೆದ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕೊರೆದ ಲಾಳಿಯ ಆಕಾರ. ಲಾಳಿಗಳ ಸಾಲಿನ ನಡುವೆ, ನೀರಿನಲ್ಲಿ ನೆನೆಸಿ ಹಳೆಯ ಲಕೋಟೆಯಿಂದ ಬಿಡಿಸಿದ ಒಂದು ಅಂಚೆಚೀಟಿ: 2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿ ತಳಿಗಳ ಹೆಸರಿನಲ್ಲಿ ಹೊರತಂದ ಚೀಟಿಗಳಲ್ಲಿ ಒಂದಾದ ಮುಧೋಳದ ಬೇಟೆನಾಯಿ.

ಪೇಟೆಯ ಕಾರ್ಡುಗಳು ಗಂಡಸಿಗೆ ಕಾರು, ಮೀಸೆ, ಕೈಗಡಿಯಾರಗಳನ್ನು ಹಂಚುತ್ತವೆ. ಕೊಳ್ಳಬಲ್ಲದ್ದೇ ಅವನ ಗುರುತು ಎನ್ನುತ್ತವೆ. ಈ ಪತ್ರದಲ್ಲಿ ಗಂಡಸಿನ ಗುರುತು ಅವನ ದುಡಿಮೆ. ಅದರ ಒರಟುತನ ಅಲಂಕಾರಕ್ಕೆ ಬಂದದ್ದಲ್ಲ. ಅದು ಆ ಕೈಗಳದೇ ಒರಟುತನ.

ಇನ್ನೊಂದು ಮಾತು. ಆ ಕಪ್ಪಿಗೆ ಬೇಕಾದ ಅಳಲೆಕಾಯಿ ನಮ್ಮ ಕಾಡಿನದು. ಬೆಲ್ಲ ಮಹಾಲಿಂಗಪುರದ ಪೇಟೆಯದು. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆ ಮುಧೋಳದ ಕಬ್ಬಿಗೆ ನೀರುಣಿಸಿ, ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಘಟ್ಟಕ್ಕೂ ಬಯಲಿಗೂ ಇರುವ ಈ ಸಂಬಂಧವನ್ನು ನಾವು ಭಾಷಣಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅಂಗೈಯಗಲದ ಹಾಳೆಯಲ್ಲಿ ಅದನ್ನು ಕಂಡದ್ದು ಇದೇ ಮೊದಲು.

ಇಂತಹ ಪತ್ರಗಳಿಂದ ಕಾಡು ಉಳಿಯುತ್ತದೆಂದು ನಾವು ಹೇಳುವುದಿಲ್ಲ. ನೇಕಾರನ ಕೂಲಿಯೂ ಇದರಿಂದ ಹೆಚ್ಚುವುದಿಲ್ಲ; ಆ ಹೋರಾಟಗಳನ್ನು ಬೇರೆಯಾಗಿಯೇ ಮಾಡಬೇಕು. ಆದರೆ ಒಂದು ಹಾಳೆಯನ್ನು ಕೈಯಾರೆ ಮಾಡಿದವನು ಇನ್ನೊಂದನ್ನು ಹರಿದೆಸೆಯುವ ಮುನ್ನ ಒಂದು ಕ್ಷಣ ನಿಲ್ಲುತ್ತಾನೆ. ಚಳವಳಿ ಆರಂಭವಾಗುವುದು ಆ ಕ್ಷಣದಲ್ಲಿಯೇ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಮಗ್ಗದ ಕಸವೆಲ್ಲ ಹತ್ತಿಯಲ್ಲ. ಒಂದು ಎಳೆಯನ್ನು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದನ್ನು ಬೆರೆಸಬೇಡಿ.

ಜೂನ್ ಒಂದರ ನಾಲ್ಕು ದಿನಗಳ ನಂತರ ಬರುವುದು ವಿಶ್ವ ಪರಿಸರ ದಿನ. ಪರಿಸರ ದಿನಕ್ಕೂ ಫ್ಲೆಕ್ಸ್ ಕಟ್ಟುವ ಶಾಲೆ, ಸಂಘಗಳಿವೆ. ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಈ ಸಲ ಅದನ್ನು ಬಿಡೋಣ. ಅದರ ಬದಲು ನಿಮ್ಮ ಮನೆಯಲ್ಲಿ ಜೂನ್ ಒಂದರಂದು ಹುಟ್ಟಿದವರು ಯಾರೆಂದು ಕೇಳಿ, ಅವರ ಕೆಲಸದ ಕಸದಿಂದಲೇ ಅವರಿಗೊಂದು ಪತ್ರ ಮಾಡಿ. ಅಡಿಕೆ ಹಾಳೆ, ಬಾಳೆಯ ನಾರು, ಬತ್ತದ ಹುಲ್ಲು, ನಮ್ಮಲ್ಲಿ ಏನು ಕಡಿಮೆಯಿದೆ?

ಆ ಹುಡುಗ ಪತ್ರದ ಒಳಗೆ ಬರೆದದ್ದು ಎರಡೇ ಸಾಲು. ಅವನ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇವೆ: “ಅಪ್ಪಾ, ನೀ ಹುಟ್ಟಿದ ದಿನ ಯಾವುದಂತ ಗೊತ್ತಿಲ್ಲ. ನೀ ನೇಯ್ದದ್ದು ಗೊತ್ತೈತಿ.”