ಕಾನೂನು ಜೊತೆಗಿದ್ದರೂ ಪ್ರೀತಿ ಏಕೆ ಒಂಟಿ?

ಎಲ್ಲವನ್ನೂ ನಿಯಂತ್ರಿಸುವ ಸರ್ಕಾರ, ಅದರ ಕಣ್ಣು ತಪ್ಪಿಸಿ ಪ್ರೀತಿಸುವ ಹದಿಹರೆಯದ ಜೋಡಿ. ಇಂಥ ಇಂಗ್ಲಿಷ್ ಕಾದಂಬರಿಗಳಿಗೆ ಇನ್ನೂ ಬೇಡಿಕೆ ಕಡಿಮೆಯಾಗಿಲ್ಲ. 2008ರಲ್ಲಿ ‘ದಿ ಹಂಗರ್ ಗೇಮ್ಸ್’ ಬರೆದ ಸುಝಾನ್ ಕಾಲಿನ್ಸ್, ಅದೇ ಸರಣಿಯ ಹೊಸ ಪುಸ್ತಕವನ್ನು 2025ರ ಮಾರ್ಚ್‌ನಲ್ಲಿ ತಂದರು. ಆಲಿ ಕಾಂಡಿ ಅವರ ‘ಮ್ಯಾಚ್ಡ್’ (2010) ಕಾದಂಬರಿಯಲ್ಲಿ ಹದಿನೇಳಕ್ಕೆ ಕಾಲಿಟ್ಟವರ ಸಂಗಾತಿ ಯಾರೆಂದು ಆಳುವ ‘ಸೊಸೈಟಿ’ಯೇ ನಿರ್ಧರಿಸುತ್ತದೆ. ಲಾರೆನ್ ಆಲಿವರ್ ಅವರ ‘ಡೆಲಿರಿಯಂ’ನಲ್ಲಿ (2011) ಪ್ರೀತಿ ಎಂಬುದೇ ಒಂದು ರೋಗ, ಹದಿನೆಂಟಾದ ಕೂಡಲೇ ಅದಕ್ಕೆ ಕಡ್ಡಾಯ ಚಿಕಿತ್ಸೆ.

ಅಮೆರಿಕದ ಓದುಗರಿಗೆ ಇದು ಭವಿಷ್ಯದ ಕಲ್ಪನೆ. ಆದರೆ ಜಂಗಮಕೋಟೆಯಿಂದ ಶಿಡ್ಲಘಟ್ಟಕ್ಕೋ ಚಿಕ್ಕಬಳ್ಳಾಪುರಕ್ಕೋ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಗೆ? ಅವಳು ಯಾರ ಜೊತೆ ನಿಂತು ಮಾತನಾಡಿದಳು ಎಂಬ ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿರುತ್ತದೆ. ಇಲ್ಲಿ ಸಂಗಾತಿಯನ್ನು ಆರಿಸಲು ಕಂಪ್ಯೂಟರ್ ಬೇಕಿಲ್ಲ. ಜಾತಿ, ಜಾತಕ, ಜಮೀನು ಸಾಕು.

ಒಂದು ದೊಡ್ಡ ವ್ಯತ್ಯಾಸವಂತೂ ಇದೆ. ಆ ಕಾದಂಬರಿಗಳಲ್ಲಿ ಕಾನೂನು ಪ್ರೇಮಿಗಳ ವಿರುದ್ಧ ಇರುತ್ತದೆ. ನಮ್ಮಲ್ಲಿ ಅದು ಪ್ರಾಪ್ತ ವಯಸ್ಸಿನ ಪ್ರೇಮಿಗಳ ಪರವಾಗಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ ಅವರ ಮದುವೆಗೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಹೀಗಿದ್ದೂ 2020ರಲ್ಲಿ ನಮ್ಮ ರಾಜ್ಯದ ಉಪನ್ಯಾಸಕಿಯೊಬ್ಬರು ಅದೇ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಮನೆಯವರಿಗೆ ತಿಳಿಸದೆ ದೆಹಲಿಗೆ ಹೋಗಿ ಮದುವೆಯಾಗಿದ್ದ ಅವರು, ವಿವಾಹ ಪತ್ರವನ್ನೂ ಕಳಿಸಿದ್ದರು. ಆದರೂ ಬೆಳಗಾವಿ ಜಿಲ್ಲೆಯ ಪೊಲೀಸರು ಠಾಣೆಗೆ ಬಂದು ಹೇಳಿಕೆ ಕೊಡುವಂತೆ ಪಟ್ಟು ಹಿಡಿದರು. ಕೋರ್ಟ್ ಎಫ್‌ಐಆರ್ ರದ್ದುಪಡಿಸಿತು. ಇಂಥ ಪ್ರಕರಣಗಳನ್ನು ನಿಭಾಯಿಸುವ ಬಗ್ಗೆ ಪೊಲೀಸರಿಗೆ ತರಬೇತಿ ಬೇಕೆಂದು ಹೇಳಿ, ಎಂಟು ವಾರಗಳ ಗಡುವನ್ನೂ ಕೊಟ್ಟಿತು. ಓದಿದ, ದುಡಿಯುವ ಇಬ್ಬರಿಗೇ ಇಷ್ಟು ಓಡಾಟವಾದರೆ ಉಳಿದವರ ಪಾಡೇನು?

1954ರ ವಿಶೇಷ ವಿವಾಹ ಕಾಯ್ದೆಯನ್ನೇ ನೋಡಿ. ಬೇರೆ ಬೇರೆ ಧರ್ಮದವರು ಮತಾಂತರವಿಲ್ಲದೆ ಮದುವೆಯಾಗಲು ಇರುವ ದಾರಿ ಇದು. ಆದರೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ, ಆಕ್ಷೇಪಣೆಗೆ ಮತ್ತೆ 30 ದಿನ ಕಾಯಬೇಕು. ಮನೆಯವರಿಗೆ ಹೆದರಿ ಬಂದವರ ಹೆಸರು, ವಿಳಾಸವನ್ನು ಗೋಡೆಗೆ ಅಂಟಿಸಿದರೆ ರಕ್ಷಣೆ ಎಲ್ಲಿಂದ ಬಂತು? ಕೇರಳ 2020ರಲ್ಲಿ ಈ ನೋಟಿಸುಗಳನ್ನು ಆನ್‌ಲೈನ್‌ನಲ್ಲಿ ಹಾಕುವುದನ್ನು ನಿಲ್ಲಿಸಿತು. ನೋಟಿಸ್ ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ತೀರ್ಪು ನೀಡಿತು. ಕಾಯ್ದೆಯಲ್ಲಿ ಆ ಕಲಂ ಹಾಗೆಯೇ ಉಳಿದಿದೆ. ಒಂದು ಕೈಯಿಂದ ಅಂತರ್ಜಾತಿ ವಿವಾಹಕ್ಕೆ ಪ್ರೋತ್ಸಾಹಧನ ಕೊಡುವ ಸರ್ಕಾರ, ಇನ್ನೊಂದು ಕೈಯಿಂದ ಅಂತರ್ಧರ್ಮೀಯ ಜೋಡಿಯ ವಿಳಾಸವನ್ನು ಬಹಿರಂಗಪಡಿಸುತ್ತಿದೆ.

ಕಾದಂಬರಿಯ ಜೋಡಿ ಬೇಲಿ ದಾಟಿದರೆ ಕಾಡು ಸಿಗುತ್ತದೆ. ನಮ್ಮ ಜೋಡಿ ಬೇಲಿ ದಾಟಿದರೆ ಸಿಗುವುದು ಬೆಂಗಳೂರಿನ ಬಾಡಿಗೆ ಮನೆ. ಅಲ್ಲಿಯೂ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’. ಅಡ್ವಾನ್ಸ್ ಕಟ್ಟಲು ಹಣ ಬೇಕು, ಹಣಕ್ಕೆ ಕೆಲಸ ಬೇಕು. ಆದ್ದರಿಂದ ಉದ್ಯೋಗದ ಪ್ರಶ್ನೆ ಪ್ರೀತಿಯ ಪ್ರಶ್ನೆಯೂ ಹೌದು. ಡಿಗ್ರಿ ಮುಗಿದ ಹುಡುಗಿಗೆ ಕೆಲಸ ಸಿಗುವುದು ತಡವಾದಷ್ಟೂ ಅವಳ ಬದುಕಿನ ತೀರ್ಮಾನ ಬೇರೆಯವರ ಕೈಗೆ ಹೋಗುತ್ತದೆ.

ಇನ್ನೂ ಕಷ್ಟದ ಮಾತೊಂದಿದೆ. ಆ ಕಥೆಗಳಲ್ಲಿ ಖಳ ಎಲ್ಲೋ ದೂರದ ರಾಜಧಾನಿಯಲ್ಲಿರುತ್ತಾನೆ. ನಮ್ಮಲ್ಲಿ ತಡೆಯುವವರು ಸಾಲ ಮಾಡಿ ಫೀಸು ಕಟ್ಟಿದ ಅಪ್ಪ, ಬುತ್ತಿ ಕಟ್ಟಿದ ಅಮ್ಮ. ಅವರನ್ನು ದ್ವೇಷಿಸಿ ಗೆಲ್ಲುವುದು ಹೇಗೆ? ಅವರಿಗೂ ಊರಿನ ಭಯವಿದೆ, ನೆಂಟರ ಭಯವಿದೆ.

ಇದಕ್ಕೆ ಉತ್ತರದ ಸುಳಿವು ನಮ್ಮ ಚರಿತ್ರೆಯಲ್ಲೇ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದವರು ಹೆತ್ತವರೇ. ಅದಕ್ಕಾಗಿ ಬಿಜ್ಜಳನ ಶಿಕ್ಷೆಗೆ ಗುರಿಯಾದವರೂ ಆ ಅಪ್ಪಂದಿರೇ ಎನ್ನುತ್ತದೆ ಪರಂಪರೆ. ಗಿರೀಶ ಕಾರ್ನಾಡರ ‘ತಲೆದಂಡ’ ಈ ಘಟನೆಯನ್ನೇ ಆಧರಿಸಿದೆ. ಶರಣರನ್ನು ಇಂದಿಗೂ ನೆನೆಯುವ ನಾವು ಆ ಅಪ್ಪಂದಿರನ್ನು ಮರೆತಿದ್ದೇವೆ. ಮುಂದೆ ಅಪ್ಪ ಅಮ್ಮ ಆಗಲಿರುವವರು ಈಗ ಈ ಪುಟ ಓದುತ್ತಿರುವ ನಾವೇ. ಅಣ್ಣನಾಗಿ, ತಂಗಿಯಾಗಿ, ಗೆಳೆಯರಾಗಿ ಯಾರ ಪರ ನಿಲ್ಲುತ್ತೇವೆ ಎಂಬುದನ್ನು ಈಗಲೇ ತೀರ್ಮಾನಿಸಬಹುದು.