ಮಣ್ಣಿಲ್ಲದ ಸೊಪ್ಪು

ಪುನರ್ವಸು ಮಳೆ ಹಿಡಿದ ಮೇಲೆ ಮಲೆನಾಡಿನ ಹಿತ್ತಲಿನಲ್ಲಿ ಹರಿವೆ, ಕೊತ್ತಂಬರಿ, ಮೆಂತ್ಯದ ಮಡಿಗಳು ಉಳಿಯುವುದು ಕಷ್ಟ. ಎಳೆಯ ಸಸಿ ಕೊಳೆಯುತ್ತದೆ. ಮಿಕ್ಕಿದ್ದನ್ನು ಬಸವನಹುಳು ಮುಗಿಸುತ್ತದೆ. ಒಂದೆಲಗ, ಚಗತೆ, ಕೆಸುವಿನ ಗುರುತು ಬಲ್ಲವರ ಮನೆಯಲ್ಲಿ ಆಗಲೂ ಸೊಪ್ಪಿಗೆ ಬರವಿಲ್ಲ. ಆ ಗುರುತು ತಪ್ಪಿದ ಮನೆಗಳೂ ಪೇಟೆಯಲ್ಲಿ ಕೊಠಡಿ ಹಿಡಿದು ಓದುವ ಮಕ್ಕಳೂ ಬಯಲುಸೀಮೆಯಿಂದ ಬಾಡಿ ಬರುವ ಕಟ್ಟುಗಳನ್ನೇ ನೆಚ್ಚಬೇಕು. ಮನೆಯೊಳಗೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಮಾತನ್ನು ನಗರದ ಶೋಕಿಯೆಂದು ನಾವು ತಳ್ಳಿಹಾಕದಿರುವುದು ಈ ಕಾರಣಕ್ಕೆ.

ಆದರೆ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತಿವೆ. ಮೊದಲನೆಯದು ಬೀಜದ ಬುತ್ತಿಯನ್ನೇ ನಂಬಿದ್ದು. ಬೀಜವು ತನ್ನ ಮೊದಲ ಎಂಟು ಹತ್ತು ದಿನಗಳ ಆಹಾರವನ್ನು ತನ್ನೊಳಗೇ ಇರಿಸಿಕೊಂಡಿರುತ್ತದೆ. ಅದಕ್ಕೆ ಬೇಕಾದುದು ನೀರು, ಗಾಳಿ, ಬೆಳಕು ಮಾತ್ರ. ರಾತ್ರಿ ನೆನೆಸಿದ ಮೆಂತ್ಯವನ್ನು ತಟ್ಟೆಯಲ್ಲಿ ಒದ್ದೆ ಹತ್ತಿಬಟ್ಟೆ ಅಥವಾ ತೊಳೆದ ತೆಂಗಿನ ನಾರಿನ ಪುಡಿಯ ಮೇಲೆ ಹರಡಿ, ಎರಡು ದಿನ ಮುಚ್ಚಿಟ್ಟು, ಬಳಿಕ ಕಿಟಕಿಯ ಬಳಿ ಇರಿಸಿದರೆ ಸಾಕು. ಎರಡೆಲೆ ಬಿಚ್ಚಿದಾಗ ಕತ್ತರಿಸಿಕೊಳ್ಳಬಹುದು. ಕಳೆದ ಆಷಾಢದಲ್ಲಿ ನಾವಿಟ್ಟ ಮೊದಲ ಎರಡು ತಟ್ಟೆಗಳಿಗೆ ಬೂಸ್ಟು ಹಿಡಿಯಿತು: ಬೀಜ ಒತ್ತಾಗಿತ್ತು, ನೀರು ತಳದಲ್ಲಿ ನಿಂತಿತ್ತು. ವಿರಳವಾಗಿ ಹರಡಿ, ಗಾಳಿಯಾಡುವ ಕಡೆ ಇಟ್ಟ ಮೂರನೆಯದು ಕೈಗೆ ಬಂದಿತು.

ಎಚ್ಚರಿಕೆಯೊಂದುಂಟು. ಬಿತ್ತನೆಗೆಂದು ಮಾರುವ, ಶಿಲೀಂಧ್ರನಾಶಕ ಲೇಪಿಸಿದ ಬೀಜವನ್ನು ಇದಕ್ಕೆ ಬಳಸಲೇಬಾರದು. ಶುದ್ಧವೆಂದು ಕಾಣುವ ಬೀಜವೂ ರೋಗಾಣು ಹೊತ್ತಿರಬಹುದು. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೆಂತ್ಯದ ಮೊಳಕೆಯಿಂದ ಹಬ್ಬಿದ ಇ-ಕೋಲಿ ಸೋಂಕಿಗೆ ಸುಮಾರು 50 ಮಂದಿ ಬಲಿಯಾದರು. ನಮ್ಮ ಅಜ್ಜಿಯರು ಮೊಳಕೆಯನ್ನು ಸಾರಿಗೆ ಹಾಕಿ ಬೇಯಿಸಿದ್ದು ತಿಳಿಯದೆ ಅಲ್ಲ.

ಎರಡನೆಯದು ಜಲಕೃಷಿ. ಕ್ಯಾಲಿಫೋರ್ನಿಯಾದ ವಿಲಿಯಂ ಗೆರಿಕೆ 1930ರ ದಶಕದಲ್ಲಿ ಪ್ರಚುರಪಡಿಸಿದ ಈ ವಿಧಾನದಲ್ಲಿ, ಬೇರು ಮಣ್ಣಿನಿಂದ ಹೀರುವ 14 ಪೋಷಕಗಳನ್ನು ಲವಣರೂಪದಲ್ಲಿ ನೀರಿಗೆ ಬೆರೆಸಿ ಕೊಡಲಾಗುತ್ತದೆ. ಗದ್ದೆಗಿಂತ ನೀರು ಬಹಳ ಕಡಿಮೆ ಸಾಕು ಎಂಬುದು ನಿಜ. ಆದರೆ ಆ ಲವಣಗಳು ಕಾರ್ಖಾನೆಯವು. ಬಳಸಿದ ನೀರನ್ನು ಹಳ್ಳಕ್ಕೆ ಚೆಲ್ಲಿದರೆ ಪಾಚಿ ಬೆಳೆಯುತ್ತದೆ. ಮೇಲಾಗಿ, ಮೋಡ ಮುಸುಕಿದ ತಿಂಗಳುಗಳಲ್ಲಿ ಮನೆಯೊಳಗಿನ ಬೆಳೆಗೆ ದೀಪ ಉರಿಯಲೇಬೇಕು. ವಿದ್ಯುತ್ತಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲವೆಂಬುದನ್ನು, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ನಮ್ಮ ಒಲವು ಕಿಟಕಿಯ ತಟ್ಟೆಯ ಕಡೆಗೆ. ಅದಕ್ಕೂ ಮಿತಿಯುಂಟು: ತಟ್ಟೆಯ ಸೊಪ್ಪು ಹೂವಾಗುವುದಿಲ್ಲ, ಬೀಜ ಕೊಡುವುದಿಲ್ಲ. ಪ್ರತಿ ತಟ್ಟೆಗೂ ಹೊಸ ಬೀಜ ಬೇಕು. ಅದು ಬರಬೇಕಾದುದು ಮಣ್ಣಿನಿಂದಲೇ. ಮಳೆ ಕಳೆದು ಮಡಿ ಮಾಡುವಾಗ ನಾಲ್ಕು ಹರಿವೆ ಗಿಡಗಳನ್ನು ಕೀಳದೆ ತೆನೆಗಟ್ಟಲು ಬಿಡಿ. ಒಣಗಿದ ತೆನೆಯನ್ನು ಉಜ್ಜಿ, ಕೇರಿ, ಬೂದಿಯೊಡನೆ ಸೀಸೆಯಲ್ಲಿರಿಸಿದರೆ, ಬಳಸುವಾಗ ತೊಳೆದುಕೊಂಡು ಮುಂದಿನ ಆಷಾಢದ ತಟ್ಟೆಗೆ ಹರಡಬಹುದು.