‘ಏನೂ ಆಗಿಲ್ಲ, ಹೋಗಲಿ ಬಿಡಿ’ ಎನ್ನುವ ಮುನ್ನ



ಈ ಸಲ ಅಡಿಕೆಯ ಕೊಳೆರೋಗಕ್ಕೆ ಎರಡನೇ ಬಾರಿ ಬೋರ್ಡೋ ದ್ರಾವಣ ಸಿಂಪಡಿಸುವ ವಿಚಾರ ಬರೆಯಬೇಕೆಂದಿದ್ದೆ. ಅದು ಮುಂದಿನ ತಿಂಗಳಿಗಿರಲಿ. ಮಳೆ ಹಿಡಿದಿದೆ. ಬೆಳಗಿನ ಮಬ್ಬಿನಲ್ಲಿ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಡೆಯುವವರು ನಮ್ಮ ಕಾಸರಗೋಡಿನ ಕಡೆ ಬಹಳ ಮಂದಿ. ಸೊಸೈಟಿಗೆ ಹಾಲು ಒಯ್ಯುವವರು, ಪೂಜೆಗೆ ಹೋಗುವವರು, ಬೀಡಿಯ ಕಟ್ಟು ಕೊಡಲು ಹೋಗುವವರು. ಅವರಿಗಾಗಿ ಈ ನಾಲ್ಕು ಮಾತು.

2023ರ ಜುಲೈಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಹಾಲಿನ ಕ್ಯಾನ್ ಹಿಡಿದು ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ತಾಗಿ ಚರಂಡಿಯ ಬದಿಗೆ ಬಿದ್ದರು. ನಾನು ಅವರಿಂದ ಹತ್ತು ಮಾರು ಹಿಂದಿದ್ದೆ. ಕಾರಿನವರು ಒಳ್ಳೆಯವರೇ, ನಿಲ್ಲಿಸಿ ಇಳಿದು, “ಆಸ್ಪತ್ರೆಗೆ ಹೋಗೋಣವೇ?” ಎಂದು ಕೇಳಿದರು. ನಮ್ಮ ಹಿರಿಯರು ಮುಂಡು ಕೊಡವಿಕೊಂಡು ಎದ್ದು, “ಏನೂ ಆಗಿಲ್ಲ” ಎಂದರು. ಅವರಿಗೆ ಚೆಲ್ಲಿದ ಹಾಲಿನದೇ ಚಿಂತೆ. ಕಾರಿನವರು ಸಾವಿರ ರೂಪಾಯಿ ಕೈಯಲ್ಲಿಟ್ಟರು. “ಹೋಗಲಿ ಬಿಡಿ ಬಾಪ್ಪು, ದೊಡ್ಡದೇನೂ ಆಗಲಿಲ್ಲವಲ್ಲ” ಎಂದವನು ನಾನೇ. ಕಾರಿನ ನಂಬರು ಇಬ್ಬರೂ ನೋಡಲಿಲ್ಲ.

ಸಂಜೆಗೆ ತಲೆನೋವು, ಎರಡು ಸಲ ವಾಂತಿ. ರಾತ್ರಿ ಕರೆದರೆ ಎಚ್ಚರವಿಲ್ಲ. ಮಂಗಳೂರಿಗೆ ಒಯ್ದು ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ ತೆಗೆಸಬೇಕಾಯಿತು. ಜೀವ ಉಳಿಯಿತು, ಬಲಗೈಗೆ ಹಿಂದಿನ ಬಲ ಬರಲಿಲ್ಲ. ಹಟ್ಟಿಯ ಮೂರು ಹಸುಗಳನ್ನು ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದರು. ನನ್ನ ಆ ಒಂದು ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ತಲೆಗೆ ಪೆಟ್ಟಾದವರು ಮೊದಲು ಚೆನ್ನಾಗಿಯೇ ಮಾತಾಡಬಹುದು. ಒಳಗೆ ರಕ್ತ ನಿಧಾನವಾಗಿ ಸೋರಿ, ಕೆಲವು ಗಂಟೆಗಳ ಮೇಲೆ ಮಿದುಳನ್ನು ಒತ್ತುತ್ತದೆ. ಹೊಟ್ಟೆಯೊಳಗಿನ ರಕ್ತಸ್ರಾವವೂ ಹಾಗೆಯೇ, ಹೊರಗೆ ಒಂದು ಗೀರೂ ಕಾಣಿಸದು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಿಗಂತೂ ಅಪಾಯ ಹೆಚ್ಚು. ಆದ್ದರಿಂದ ಕಾರು ತಾಗಿ ಬಿದ್ದವರು ಎದ್ದು ನಡೆದರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ವಾಂತಿ, ಹೆಚ್ಚುವ ತಲೆನೋವು, ತೊದಲು ಮಾತು, ಅತಿಯಾದ ಮಂಪರು ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಏಳಲಾಗದೆ ಬಿದ್ದಿದ್ದರೆ, ಅಥವಾ ಕುತ್ತಿಗೆ, ಬೆನ್ನು ನೋವೆಂದರೆ, ಎಳೆದಾಡಿ ಕೂರಿಸದೆ 108ಕ್ಕೆ ಫೋನ್ ಮಾಡಿ, ತಲೆ ಅಲುಗದಂತೆ ಹಿಡಿದುಕೊಳ್ಳಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಮ್ಮವರು ಗಾಯಕ್ಕೆ ಕಾಫಿ ಪುಡಿ, ಅರಸಿನ, ಸುಣ್ಣ ತುಂಬುವುದು ಇನ್ನೂ ನಿಂತಿಲ್ಲ. ದಯವಿಟ್ಟು ಬೇಡ. ಕುಡಿಯಲು ನೀರೂ ಬೇಡ.

ನೋಡುತ್ತಾ ನಿಂತವರಿಗೆ ‘ನಾಳೆ ಪೊಲೀಸ್, ಕೋರ್ಟು ಎಂದು ಅಲೆಯಬೇಕೇ’ ಎಂಬ ಹೆದರಿಕೆ. ಆ ಹೆದರಿಕೆ ಈಗ ಹಳತಾಯಿತು. ಸುಪ್ರೀಂ ಕೋರ್ಟು 2016ರಲ್ಲಿ ಇಂಥ ನೆರವಿಗರ ರಕ್ಷಣೆಯ ನಿಯಮಗಳನ್ನು ಎತ್ತಿಹಿಡಿಯಿತು, 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯೊಳಗೇ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ.

ಇನ್ನು ರಸ್ತೆಬದಿಯ ರಾಜಿ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. “ಪಾಪ, ಅವರಿಗೇಕೆ ತೊಂದರೆ? ಕ್ಷಮಿಸುವುದು ಒಳ್ಳೆಯದಲ್ಲವೇ?” ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಕ್ಷಮಿಸಿ, ಬೇಡವೆಂದವರಾರು? ಆದರೆ ಪ್ರತಿಯೊಂದು ವಾಹನಕ್ಕೂ ಮೂರನೆಯವರ ವಿಮೆ ಇರಬೇಕೆಂದು ಕಾನೂನಿದೆ. ಆ ವಿಮೆಗೆ ಕಂತು ಕಟ್ಟುವುದೇ ಇಂಥ ದಿನಕ್ಕಾಗಿ. ವಿಮೆಯಿರುವ ಕಾರಾದರೆ ಪರಿಹಾರ ಕೊಡುವುದು ವಿಮಾ ಕಂಪೆನಿ, ಚಾಲಕನ ಮನೆಯವರಲ್ಲ. ಸಾವಿರ ರೂಪಾಯಿ ಹಿಡಿದು ಬಂದರೆ ಲಾಭ ಕಂಪೆನಿಗೆ, ನಷ್ಟ ನಿಮ್ಮ ಹಟ್ಟಿಗೆ. ಕಾರಿನ ನಂಬರು, ಚಾಲಕನ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಮೊಬೈಲಿದ್ದರೆ ಚಿತ್ರ ತೆಗೆಯಿರಿ. 112ಕ್ಕೆ ತಿಳಿಸಿ.

ಇನ್ನೊಂದು ತಪ್ಪು ಆಸ್ಪತ್ರೆಯ ಬಾಗಿಲಲ್ಲಿ ನಡೆಯುತ್ತದೆ. ಪೊಲೀಸ್ ಗೊಡವೆ ಬೇಡವೆಂದು “ಅಂಗಳದಲ್ಲಿ ಜಾರಿ ಬಿದ್ದದ್ದು” ಎಂದು ಬರೆಸಿಬಿಡುತ್ತಾರೆ. ಆಮೇಲೆ ಎಷ್ಟು ಅತ್ತರೂ ಆ ಬರಹ ಅಳಿಸುವುದಿಲ್ಲ, ಕಂಪೆನಿಯವರು ಅದನ್ನೇ ಮುಂದೊಡ್ಡುತ್ತಾರೆ. ಅಪಘಾತ ಕೇರಳದಲ್ಲಿ, ಚಿಕಿತ್ಸೆ ಮಂಗಳೂರಲ್ಲಿ ಎಂಬ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಯಾವ ಊರು, ಯಾವ ರಸ್ತೆ, ಎಷ್ಟು ಗಂಟೆ ಎಂದು ಮೊದಲ ಚೀಟಿಯಲ್ಲೇ ಸತ್ಯವನ್ನು ಬರೆಸಿ. 2025ರ ಮೇಯಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದು ಕೊಡದೆ ಚಿಕಿತ್ಸೆ ಸಿಗಬೇಕು. ಸೇರುವಾಗಲೇ ಕೇಳಿ. ಅದಕ್ಕೂ ಅಪಘಾತವೆಂದು ಪೊಲೀಸರು ದೃಢಪಡಿಸಬೇಕು.

ಕಾರು ನಿಲ್ಲಿಸದೆ ಓಡಿ, ಯಾರದೆಂದು ಪತ್ತೆಯಾಗದಿದ್ದರೂ 2022ರ ಯೋಜನೆಯಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಎಲುಬು ಮುರಿದದ್ದೂ ತೀವ್ರ ಗಾಯವೇ. ಕಾರು ಗೊತ್ತಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ. ಕಾಯ್ದೆಯಲ್ಲಿ ಆರು ತಿಂಗಳ ಗಡುವು ಸೇರಿದೆ, ಅದರೊಳಗೆ ಹಾಕಿಬಿಡುವುದು ಕ್ಷೇಮ.

ಅಲ್ಲಿ ಕೃಷಿಕನಿಗೆ ಕೇಳುವ ಮೊದಲ ಪ್ರಶ್ನೆ: ನಿಮ್ಮ ಆದಾಯವೆಷ್ಟು? ನಮಗೆ ಸಂಬಳದ ಚೀಟಿ ಎಲ್ಲಿದೆ? ಹಾಲಿನ ಸೊಸೈಟಿಯ ಪಾಸ್‌ಬುಕ್, ಅಡಿಕೆ ಮಾರಿದ ಚೀಟಿ, ಜಾಗದ ತೆರಿಗೆ ರಶೀದಿ, ಇವೇ ನಮ್ಮ ಸಾಕ್ಷಿ. ನೀವು ಮಲಗಿದ್ದಾಗ ಹುಲ್ಲು ತರಲು, ಅಡಿಕೆ ಕೊಯ್ಯಲು ಆಳಿಗೆ ಕೊಟ್ಟ ಕೂಲಿಯನ್ನೂ ತಾರೀಖು ಹಾಕಿ ಬರೆದು ಸಹಿ ಮಾಡಿಸಿ. ಔಷಧದ ಬಿಲ್ಲು, ಆಂಬುಲೆನ್ಸಿನ ರಶೀದಿ ಯಾವುದನ್ನೂ ಎಸೆಯಬೇಡಿ.

ಠಾಣೆಯಲ್ಲಿ ಹೇಳಿಕೆಯನ್ನು ಮಲಯಾಳದಲ್ಲಿ ಬರೆಯುತ್ತಾರೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅದು ಓದಲು ಬಾರದು. ಸಂಕೋಚಪಡದೆ ಓದಿಸಿ, ಅರ್ಥ ಕೇಳಿ. ಕಾರು ಹಿಂದಿನಿಂದ ಬಂದು ತಾಗಿತು ಎಂದು ನೀವು ಹೇಳಿದ್ದು, ನೀವೇ ರಸ್ತೆಗೆ ಅಡ್ಡ ಬಂದಿರಿ ಎಂದಾಗಿಲ್ಲವಷ್ಟೆ ಎಂದು ಖಚಿತ ಮಾಡಿಕೊಂಡ ಮೇಲೆ ಸಹಿ ಹಾಕಿ. ಎಫ್.ಐ.ಆರ್. ಪ್ರತಿಯನ್ನು ಕೇಳಿ ತನ್ನಿ, ದೂರು ಕೊಟ್ಟವರಿಗೂ ಪೆಟ್ಟು ತಿಂದವರಿಗೂ ಅದು ಉಚಿತ.